ಆಲಪ್ಪುಳದಿಂದ ಕೊಲ್ಲಂವರೆಗೆ: ಒಂದು ಹಗಲಿನ ನೀರುದಾರಿ

ಮಂಗಳೂರು, ಉಡುಪಿ ಕಡೆಯವರು ಕೇರಳದ ಹಿನ್ನೀರು ನೋಡಿ ಬಂದೆವು ಎಂದರೆ ಹೆಚ್ಚಾಗಿ ಅದರ ಅರ್ಥ ಆಲಪ್ಪುಳದ ಹೌಸ್‌ಬೋಟಿನಲ್ಲಿ ಒಂದು ರಾತ್ರಿ ಕಳೆದೆವು ಎಂದಷ್ಟೇ. ಅದರಲ್ಲಿ ತಪ್ಪೇನೂ ಇಲ್ಲ. ಊಟ ಚೆನ್ನಾಗಿರುತ್ತದೆ, ಮಕ್ಕಳಿಗೆ ಖುಷಿಯಾಗುತ್ತದೆ. ಆದರೆ ಹೌಸ್‌ಬೋಟು ಪಟ್ಟಣದ ಬದಿಯ ಪುನ್ನಮಡ ಹಿನ್ನೀರಿನ ಸುತ್ತಮುತ್ತ ಒಂದು ಬಳಸು ಹೊಡೆದು, ಮೀನುಗಾರರು ಬಲೆ ಬಿಡುವ ಹೊತ್ತಾಯಿತೆಂದು ಸಂಜೆಯ ಐದೂವರೆ ಆರರೊಳಗೆ ಯಾವುದಾದರೂ ದಡಕ್ಕೆ ಕಟ್ಟಿಕೊಳ್ಳುತ್ತದೆ. ಅಲ್ಲಿ ನೀರು ಕಾಣುತ್ತದೆಯೇ ಹೊರತು ಆ ನೀರು ಶತಮಾನಗಳ ಕಾಲ ಒಂದು ಹೆದ್ದಾರಿಯಾಗಿತ್ತು ಎಂಬುದು ಕಾಣುವುದಿಲ್ಲ. ಅದನ್ನು ನೋಡಬೇಕಾದವರು ಆಲಪ್ಪುಳದ ಜೆಟ್ಟಿಯಿಂದ ಕೊಲ್ಲಂಗೆ ಹೋಗುವ ಪ್ರವಾಸಿ ಬೋಟನ್ನು ಹಿಡಿಯಬೇಕು. ಕೇರಳದ ರಾಜ್ಯ ಜಲಸಾರಿಗೆ ಇಲಾಖೆ ನಡೆಸುವ ಈ ಬೋಟು ಬೆಳಿಗ್ಗೆ ಹತ್ತೂವರೆಗೆ ಹೊರಟು, ಎಂಬತ್ತಕ್ಕೂ ಹೆಚ್ಚು ಕಿಲೋಮೀಟರ್ ದಾರಿಯನ್ನು ಎಂಟು ಗಂಟೆಗಳಲ್ಲಿ ಸಾಗಿ ಸಂಜೆಗೆ ಕೊಲ್ಲಂ ಮುಟ್ಟುವುದು ರೂಢಿ. ಮಳೆಗಾಲದಲ್ಲಿಯೂ ಸೇತುವೆ ಅಥವಾ ಜಲದ್ವಾರಗಳ ಕೆಲಸವಿದ್ದಾಗಲೂ ಸೇವೆ ನಿಲ್ಲುವುದುಂಟು, ಆದ್ದರಿಂದ ಹೊರಡುವ ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು. ಎರಡೂ ದಿಕ್ಕಿನಿಂದ ಈ ದಾರಿಯನ್ನು ನೋಡಿದ ಮೇಲೆ ನನಗನಿಸಿದ್ದು, ಉತ್ತರದಿಂದ ದಕ್ಷಿಣಕ್ಕೆ ಹೋಗುವುದೇ ಮೇಲು ಎಂದು. ಇಕ್ಕಟ್ಟಿನ ತೋಡುಗಳೆಲ್ಲ ಹಗಲಿನಲ್ಲಿ ಮುಗಿದು, ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರಿನ ಅಗಲ ಸಂಜೆಯ ಬೆಳಕಿಗೆ ಉಳಿಯುತ್ತದೆ.

ನಮ್ಮ ಕರಾವಳಿಗೂ ಕೇರಳದ ಕರಾವಳಿಗೂ ಇರುವ ವ್ಯತ್ಯಾಸವನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ದಾರಿಯುದ್ದಕ್ಕೂ ಅದೇ ನೆನಪಾಗುತ್ತಿರುತ್ತದೆ. ಕೋಡಿಬೇಂಗ್ರೆಯಲ್ಲಿ ಸ್ವರ್ಣಾ ಸೀತೆಯರು, ಮಂಗಳೂರಿನ ಬೆಂಗ್ರೆಯ ಬಳಿ ನೇತ್ರಾವತಿ ಫಲ್ಗುಣಿಯರು ಮರಳ ದಿಣ್ಣೆಗೆ ತಡೆದು, ಒಂದಿಷ್ಟು ದೂರ ಕಡಲಿಗೆ ಸಮಾನಾಂತರವಾಗಿ ಹರಿದು ಅಳಿವೆ ಸೇರುವುದನ್ನು ನಾವು ನೋಡಿದ್ದೇವೆ. ಕೇರಳದಲ್ಲಿಯೂ ನಡೆದಿರುವುದು ಇದೇ. ಆದರೆ ನಮ್ಮಲ್ಲಿ ಒಂದು ಅಳಿವೆಯ ನೀರು ಇನ್ನೊಂದು ಅಳಿವೆಯ ನೀರನ್ನು ಒಳಗಿನಿಂದ ಕೂಡುವುದಿಲ್ಲ. ಬಂಟ್ವಾಳ, ಪಾಣೆಮಂಗಳೂರುಗಳಿಂದ ಸರಕು ನೇತ್ರಾವತಿಯ ಮೇಲೆ ಬಂದರಿಗೆ ಇಳಿಯುತ್ತಿದ್ದ ಕಾಲವೊಂದಿತ್ತು. ಹಾಗೆ ನಮ್ಮ ನೀರುದಾರಿಗಳೆಲ್ಲ ಪೂರ್ವಪಶ್ಚಿಮದವು. ಉತ್ತರದಿಂದ ದಕ್ಷಿಣಕ್ಕೆ ಹೋಗಬೇಕಾದವನು ಪತ್ತೇಮಾರಿ ಎಂಬ ಹಾಯಿಹಡಗು ಹತ್ತಿ ಕಡಲಿಗೇ ಇಳಿಯಬೇಕಾಗಿತ್ತು. ಕೇರಳದ ದಕ್ಷಿಣಾರ್ಧದಲ್ಲಾದರೋ ಕಾಯಲುಗಳು, ಅಂದರೆ ಹಿನ್ನೀರಿನ ಹರವುಗಳು, ಒಂದರ ಬಾಲಕ್ಕೆ ಇನ್ನೊಂದರ ತಲೆ ತಾಗುವಷ್ಟು ಸಮೀಪದಲ್ಲಿವೆ. ನಡುವೆ ಉಳಿದ ನೆಲವನ್ನು ತಿರುವಾಂಕೂರಿನ ಆಡಳಿತಗಾರರು ಕಾಲುವೆಗಳಿಂದ ಕಡಿದು ಜೋಡಿಸಿದರು. ಕೊಲ್ಲಂನಿಂದ ಕೋಟ್ಟಪ್ಪುರಂವರೆಗಿನ 168 ಕಿಲೋಮೀಟರ್ ದಾರಿಯನ್ನು ಅದರ ಎರಡು ಕವಲು ಕಾಲುವೆಗಳೊಡನೆ 1993ರಲ್ಲಿ ಮೂರನೆಯ ರಾಷ್ಟ್ರೀಯ ಜಲಮಾರ್ಗವೆಂದು ಘೋಷಿಸಲಾಯಿತು. 2016ರ ಕಾನೂನಿನಲ್ಲಿ ನಮ್ಮ ನೇತ್ರಾವತಿ, ಗುರುಪುರ ನದಿಗಳ ಹೆಸರುಗಳೂ ರಾಷ್ಟ್ರೀಯ ಜಲಮಾರ್ಗಗಳ ಪಟ್ಟಿಗೆ ಸೇರಿವೆ. ಆದರೂ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ಹೋಗುವ ದೋಣಿಯಂತೆ ನಮ್ಮಲ್ಲಿ ದೋಣಿ ಇಂದಿಗೂ ಇರುವುದು ಬಹುಪಾಲು ದಾಟುವುದಕ್ಕೆ, ಸಾಗುವುದಕ್ಕಲ್ಲ.

ಕೇರಳದಲ್ಲಿ ನೀರೇ ಹೆದ್ದಾರಿಯಾಗಿತ್ತು ಎಂಬ ಮಾತಿಗೆ ಆಲಪ್ಪುಳ ಪಟ್ಟಣವೇ ಒಳ್ಳೆಯ ಉದಾಹರಣೆ. ‘ಪೂರ್ವದ ವೆನಿಸ್’ ಎಂಬ ಹಳಸಿದ ಬಿರುದನ್ನು ಬದಿಗಿಟ್ಟು ನೋಡಿದರೆ, ಇದು 18ನೆಯ ಶತಮಾನದ ಉತ್ತರಾರ್ಧದಲ್ಲಿ ತಿರುವಾಂಕೂರು ಸಂಸ್ಥಾನವು ಲೆಕ್ಕಾಚಾರ ಹಾಕಿ ಕಟ್ಟಿದ ವ್ಯಾಪಾರದ ಊರು. ಇದರ ಬೆಳವಣಿಗೆಗೆ ಕಾರಣನಾದ ದಿವಾನ ರಾಜಾ ಕೇಶವದಾಸನ ಹೆಸರನ್ನು ಇಲ್ಲಿನವರು ಇಂದಿಗೂ ಗೌರವದಿಂದ ಹೇಳುತ್ತಾರೆ. ಒಳನಾಡಿನ ಮೆಣಸು, ತೆಂಗು, ಅಕ್ಕಿ ವೇಂಬನಾಡು ಕಾಯಲಿನಿಂದ ಕಡಲ ದಂಡೆಯವರೆಗೆ ದೋಣಿಯಲ್ಲಿಯೇ ಬರಲೆಂದು ಪಟ್ಟಣದ ನಡುವೆ ಎರಡು ಕಾಲುವೆಗಳನ್ನು ಹಾಯಿಸಿ, ಗುಜರಾತಿನ ವರ್ತಕರನ್ನು ಕರೆತಂದು ನೆಲೆಗೊಳಿಸಲಾಯಿತು. 1859ರಲ್ಲಿ ಜೇಮ್ಸ್ ಡಾರಾ ಇಲ್ಲಿ ತೆಂಗಿನ ನಾರಿನ ಚಾಪೆಗಳ ಮೊದಲ ಕಾರ್ಖಾನೆಯನ್ನು ತೆರೆದನು. 1862ರಲ್ಲಿ ದೀಪಸ್ತಂಭ ಬೆಳಗಿತು. ಮಂಗಳೂರಿನ ಬಂದರಿನಲ್ಲಿ ಓಡಾಡಿದವರಿಗೆ ಕಾಲುವೆ ದಡದ ಹಳೆಯ ಗೋದಾಮುಗಳು ಪರಕೀಯವೆನಿಸುವುದಿಲ್ಲ. ಮೇಲೆ ಹೊದೆಸಿರುವುದು ಮಂಗಳೂರು ಮಾದರಿಯ ಹಂಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಸುಡಲಾರಂಭಿಸಿದ ಆ ಹಂಚು ಈ ಇಡೀ ಪಶ್ಚಿಮ ಕರಾವಳಿಯ ಚಾವಣಿಯ ಬಣ್ಣವನ್ನೇ ಬದಲಿಸಿತು. ಬೋಟು ಹೊರಡುವ ಮೊದಲು ಸಿಗುವ ಬೆಳಗಿನ ಹೊತ್ತನ್ನು ಕಡಲ ತೀರದಲ್ಲಿ ಕಳೆಯುವುದಕ್ಕಿಂತ ಈ ಕಾಲುವೆಗಳ ಬದಿಯಲ್ಲಿ ನಡೆಯುವುದಕ್ಕೆ ಬಳಸುವುದು ಉತ್ತಮ.

ಜೆಟ್ಟಿ ಬಿಟ್ಟೊಡನೆ ಪುನ್ನಮಡದ ಕಡೆ ನೀರು ಬಿಚ್ಚಿಕೊಳ್ಳುತ್ತದೆ. ನೆಹರೂ 1952ರಲ್ಲಿ ಇಲ್ಲಿಗೆ ಬಂದ ನೆನಪಿಗೆ ನಡೆಯುತ್ತಿರುವ ಹಾವುದೋಣಿಗಳ ಪಂದ್ಯದ ವಿಷಯ ಎಲ್ಲರಿಗೂ ಗೊತ್ತಿರುವುದರಿಂದ ಮತ್ತೆ ಹೇಳಬೇಕಾಗಿಲ್ಲ. ಗಮನವಿಟ್ಟು ನೋಡಬೇಕಾದದ್ದು ಕುಟ್ಟನಾಡಿನ ಗದ್ದೆಗಳನ್ನು. ಬೋಟಿನ ಅಂಚಿನಲ್ಲಿ ಕುಳಿತವರು ಗದ್ದೆಯನ್ನು ನೋಡಲು ತಲೆ ತಗ್ಗಿಸಬೇಕಾಗುತ್ತದೆ: ನೀರು ಮೇಲೆ, ಪೈರು ಕೆಳಗೆ, ನಡುವೆ ಒಂದು ಮಣ್ಣಿನ ಕಟ್ಟೆ, ಕಟ್ಟೆಯ ಮೇಲೆ ಒಂದು ಸಾಲು ತೆಂಗು, ಮನೆ, ಬಟ್ಟೆ ಒಗೆಯುವ ಕಲ್ಲು. ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರ್ ಕೆಳಗಿರುವ ಈ ನೆಲದ ಬಹುಭಾಗ ಕಾಯಲಿನ ತಳದಿಂದ ಬಗೆದು ತೆಗೆದದ್ದು. ಕೆಸರು, ತೆಂಗಿನ ಗೂಟ, ಬಿದಿರುಗಳಿಂದ ನೀರೊಳಗೇ ಒಡ್ಡು ಕಟ್ಟಿ, ಒಳಗಿನ ನೀರನ್ನು ಮೊದಮೊದಲು ಕಾಲಿನಿಂದ ತುಳಿಯುವ ಚಕ್ರಗಳಲ್ಲಿ, ಅನಂತರ ಯಂತ್ರಗಳಲ್ಲಿ ಹೊರಹಾಕಿ ಬೇಸಾಯ ಮಾಡಿದರು. ನಮ್ಮ ಬೈಲು ಗದ್ದೆಗಳಲ್ಲಿ ಏಣೇಲು, ಸುಗ್ಗಿ, ಕೊಳಕೆ ಎಂದು ನೀರಿದ್ದಷ್ಟೂ ಬೆಳೆ ತೆಗೆಯುವ ಲೆಕ್ಕ. ಇಲ್ಲಿ ನೀರನ್ನು ಹೊರಗೆ ನೂಕಿದಷ್ಟೇ ಬೆಳೆ, ಅದೂ ಹೆಚ್ಚಿನ ಕಡೆ ಮಳೆಗಾಲ ಕಳೆದ ಮೇಲಿನ ಒಂದು ಪುಂಜ ಬೆಳೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಈ ಬೇಸಾಯ ಪದ್ಧತಿಯನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಗುರುತಿಸಿತು. ಆ ಒಡ್ಡುಗಳನ್ನು ಎತ್ತಿದ ಕೈಗಳು ಬಹುಪಾಲು ಪುಲಯ ಸಮುದಾಯದ ಜೀತದಾಳುಗಳದ್ದು, ಗದ್ದೆಗಳ ಹೆಸರು ಮಾತ್ರ ಒಡೆಯರದ್ದು. ಪ್ರವಾಸದ ಕೈಪಿಡಿಗಳು ಈ ಮಾತನ್ನು ಹೇಳುವುದಿಲ್ಲವಾದ್ದರಿಂದ ನಾನು ಇಲ್ಲಿ ಸೇರಿಸುತ್ತಿದ್ದೇನೆ.

ಕರುಮಾಡಿ ಈ ದಾರಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ನಿಲುಗಡೆ. ನಿಲುಗಡೆ ಎನ್ನುವುದು ಸ್ವಲ್ಪ ಹೆಚ್ಚಾಯಿತೇನೋ, ಬೋಟು ಇಲ್ಲಿ ನಮ್ಮನ್ನು ಸಾವಕಾಶವಾಗಿ ಇಳಿಸುತ್ತದೆ ಎಂಬ ಭರವಸೆಯಿಲ್ಲ. ಹಿಂದಿನ ದಿನವೇ ಅಂಬಲಪ್ಪುಳದಿಂದ ಮೂರು ಕಿಲೋಮೀಟರ್ ರಸ್ತೆಯಲ್ಲಿ ಹೋಗಿ ನೋಡಿಕೊಂಡರೆ ನೆಮ್ಮದಿ. ಪುಟ್ಟ ಮಂಟಪವೊಂದರಲ್ಲಿ ಕಪ್ಪು ಶಿಲೆಯ ಒಬ್ಬ ಬುದ್ಧ ಪದ್ಮಾಸನ ಹಾಕಿ ಕುಳಿತಿದ್ದಾನೆ, ಎತ್ತರ ಮೂರು ಅಡಿಯಷ್ಟು. ಅವನ ಎಡ ಪಾರ್ಶ್ವವೇ ಇಲ್ಲ. ಬಹುಕಾಲ ಇಲ್ಲಿನ ತೋಡಿನಲ್ಲಿ ಮುಳುಗಿದ್ದ ವಿಗ್ರಹವನ್ನು, ಮುಂದೆ ಕೊಚ್ಚಿ ಬಂದರನ್ನು ರೂಪಿಸಿ ಹೆಸರಾದ ಎಂಜಿನಿಯರ್ ರಾಬರ್ಟ್ ಬ್ರಿಸ್ಟೊ ಗಮನಿಸಿ ಉಳಿಸಿದನೆಂದು ಹೇಳುತ್ತಾರೆ. ಊರವರು ಈ ಬುದ್ಧನನ್ನು ‘ಕರುಮಾಡಿಕ್ಕುಟ್ಟನ್’ ಎಂದು ಮನೆಯ ಹುಡುಗನನ್ನು ಕರೆದಂತೆ ಕರೆಯುತ್ತಾರೆ. ಬೌದ್ಧಧರ್ಮ ಈ ಕರಾವಳಿಯಿಂದ ಕರಗಿಹೋದ ಬಳಿಕವೂ ಅವನಿಗೆ ಎಣ್ಣೆ, ದೀಪಗಳ ಹರಕೆ ತಪ್ಪಲಿಲ್ಲ. ಮಂಗಳೂರಿನವರು ಇಲ್ಲಿ ಕದ್ರಿಯನ್ನು ನೆನೆಯದೆ ಇರುವುದು ಸಾಧ್ಯವಿಲ್ಲ. ಅಲ್ಲಿಯೂ ಮಂಜುನಾಥನ ಗುಡಿಯಲ್ಲಿ ಬೌದ್ಧರ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಪೀಠದ ಶಾಸನ ಕ್ರಿ.ಶ. 968ರದ್ದು, ಪ್ರತಿಷ್ಠಾಪಿಸಿದವನು ಆಳುಪ ಅರಸ ಕುಂದವರ್ಮ, ಸ್ಥಳದ ಹೆಸರು ಅದರಲ್ಲಿ ಕದರಿಕಾ ವಿಹಾರ. ಮೂರು ಮುಖ, ಆರು ಕೈಗಳ ಆ ರಾಜವೈಭವದ ಲೋಹಮೂರ್ತಿಗೂ ಅರ್ಧ ಮೈಯ ಈ ಕಲ್ಲಿನ ಹುಡುಗನಿಗೂ ಶಿಲ್ಪದಲ್ಲಿ ಹೋಲಿಕೆಯೇನೂ ಇಲ್ಲ. ಆದರೆ ಎರಡೂ ಕಡೆ ಬಂದರಿನ ಹತ್ತಿರವೇ ಬುದ್ಧನ ನೆಲೆ ಇದ್ದದ್ದು, ಎರಡೂ ಕಡೆ ಜನ ಧರ್ಮದ ಹೆಸರು ಬದಲಾದರೂ ಪೂಜೆ ಬಿಡದೆ ಇದ್ದದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಅಂಬಲಪ್ಪುಳಕ್ಕೆ ಹೋದವರು ಕೃಷ್ಣನ ದರ್ಶನವನ್ನೂ ಪಾಲ್ಪಾಯಸವನ್ನೂ ಬಿಟ್ಟು ಬರಬಾರದು. ಉಡುಪಿಯ ಕೃಷ್ಣನ ಕೈಯಲ್ಲಿ ಕಡಗೋಲು ಮತ್ತು ಹಗ್ಗ. ಇಲ್ಲಿನವನು ಪಾರ್ಥಸಾರಥಿ, ಬಲಗೈಯಲ್ಲಿ ಚಾಟಿ, ಎಡಗೈಯಲ್ಲಿ ಶಂಖ. ಟಿಪ್ಪುವಿನ ದಂಡಯಾತ್ರೆಯ ಕಾಲದಲ್ಲಿ ಗುರುವಾಯೂರಿನ ಮೂರ್ತಿಯನ್ನು ಇಲ್ಲಿಗೇ ತಂದು ಕಾಪಾಡಿದರೆಂದು ಪ್ರತೀತಿ. ಹಾಲು, ಅಕ್ಕಿ, ಸಕ್ಕರೆಗಳಷ್ಟೇ ಬೀಳುವ ಆ ಪಾಯಸವನ್ನು ನಮ್ಮ ಮಠದ ಊಟದ ಪಾಯಸಕ್ಕೆ ಹೋಲಿಸಿ ಜಗಳ ತೆಗೆಯುವ ಉಡುಪಿಯ ಗೆಳೆಯರಿದ್ದಾರೆ. ನಾನು ಆ ವಾದಕ್ಕೆ ಇಳಿಯುವುದಿಲ್ಲ.

ತೋಟ್ಟಪ್ಪಳ್ಳಿಯಲ್ಲಿ ನಲವತ್ತು ಬಾಗಿಲುಗಳ ಉದ್ದನೆಯ ನೆರೆದ್ವಾರ ಎದುರಾಗುತ್ತದೆ. ಪಂಪಾ, ಮಣಿಮಲ, ಅಚ್ಚನ್‌ಕೋವಿಲ್ ನದಿಗಳ ಮಳೆಗಾಲದ ನೀರು ಕುಟ್ಟನಾಡನ್ನು ಮುಳುಗಿಸದೆ ಇಲ್ಲಿಂದ ನೇರವಾಗಿ ಕಡಲಿಗೆ ಹೋಗಲಿ, ಬೇಸಗೆಯಲ್ಲಿ ಕಡಲಿನ ಉಪ್ಪುನೀರು ಗದ್ದೆಗೆ ಏರದಿರಲಿ ಎಂಬ ಎರಡು ಉದ್ದೇಶಗಳಿಂದ 1955ರಲ್ಲಿ ಮುಗಿದ ಕಟ್ಟಡ ಇದು. 2018ರ ಆಗಸ್ಟಿನ ಮಹಾಪೂರದಲ್ಲಿ ಕುಟ್ಟನಾಡು ಮುಳುಗಿದಾಗ ಎಲ್ಲರ ಕಣ್ಣೂ ಈ ಬಾಗಿಲುಗಳ ಮೇಲಿತ್ತು. ಬಾಗಿಲ ಹೊರಗೆ ಅಲೆ ತಂದು ಸುರಿಯುವ ಮರಳನ್ನು ತೆಗೆಯಬೇಕೇ, ತೆಗೆದರೆ ಎಷ್ಟು, ಅದರಲ್ಲಿರುವ ಖನಿಜದ ಲಾಭ ಯಾರಿಗೆ ಎಂಬ ತಕರಾರು ಇಲ್ಲಿ ನಡೆದೇ ಇದೆ. ಅಳಿವೆಗಳ ಹೂಳಿನ ವಿಷಯದಲ್ಲಿ ನಮ್ಮ ಬೆಂಗ್ರೆ, ಮಲ್ಪೆ, ಗಂಗೊಳ್ಳಿಯವರಿಗೆ ಈ ತಕರಾರಿನ ಒಂದೊಂದು ವಾಕ್ಯವೂ ಅರ್ಥವಾಗುತ್ತದೆ.

ಅಲ್ಲಿಂದ ಮುಂದೆ ನೀರು ಕಿರಿದಾಗಿ, ಎರಡು ದಡಗಳ ಮನೆಯವರು ಪರಸ್ಪರ ಮಾತಾಡಬಹುದಾದಷ್ಟು ಹತ್ತಿರವಾಗುತ್ತವೆ. ಇಲ್ಲಿ ಪಲ್ಲನ ಎಂಬ ಊರಿದೆ. 1924ರ ಜನವರಿ 16ರ ರಾತ್ರಿ, ಕೊಲ್ಲಂನಿಂದ ಆಲಪ್ಪುಳಕ್ಕೆ ಮಿತಿಮೀರಿ ಜನರನ್ನು ತುಂಬಿಕೊಂಡು ಹೊರಟಿದ್ದ ‘ರಿಡೀಮರ್’ ಎಂಬ ಬೋಟು ಇಲ್ಲಿನ ತಿರುವಿನಲ್ಲಿ ಮಗುಚಿತು. ಸತ್ತವರಲ್ಲಿ ಮಲಯಾಳದ ಮಹಾಕವಿ ಕುಮಾರನ್ ಆಶಾನ್ ಒಬ್ಬರು. ಅವರಿಗೆ ಆಗ ಐವತ್ತು ವರ್ಷ. ದಡದಲ್ಲಿ ಅವರ ಸಮಾಧಿಯಿದೆ, ಸ್ಥಳವನ್ನು ಕುಮಾರಕೋಡಿ ಎಂದು ಕರೆಯುತ್ತಾರೆ. ಇಂದಿನ ಪ್ರವಾಸಿ ಬೋಟಿನ ಮಲಯಾಳಿಗಳು ಇಲ್ಲಿ ತಾವಾಗಿಯೇ ಎದ್ದು ನಿಂತು ದಡದ ಕಡೆ ನೋಡುತ್ತಾರೆ, ಉಳಿದವರಿಗೆ ಏಕೆಂದು ಗೊತ್ತಾಗುವುದಿಲ್ಲ. ಆಶಾನರ ಬದುಕಿನಲ್ಲಿ ನಮ್ಮ ನಾಡಿಗೂ ಒಂದು ಪಾಲಿದೆ. ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರಿನಲ್ಲಿ ಸರ್ಕಾರಿ ಕೆಲಸ ನಿರಾಕರಿಸಲ್ಪಟ್ಟ ವೈದ್ಯ ಪಲ್ಪು ಅವರು ಮೈಸೂರು ಸಂಸ್ಥಾನದ ವೈದ್ಯಕೀಯ ಸೇವೆ ಸೇರಿದ್ದರು. ನಾರಾಯಣ ಗುರುಗಳು ತಮ್ಮ ಶಿಷ್ಯ ಆಶಾನರನ್ನು ಅವರ ಬಳಿಗೆ ಬೆಂಗಳೂರಿಗೆ ಕಳುಹಿಸಿದರು. ಅಲ್ಲಿ ಸಂಸ್ಕೃತ ಓದುತ್ತಿದ್ದಾಗ 1898ರ ಪ್ಲೇಗ್ ಬಂದು ಓದು ತಡೆಯಿತು, ಮುಂದಿನ ವ್ಯಾಸಂಗ ಕಲ್ಕತ್ತೆಯಲ್ಲಿ ನಡೆಯಿತು. 1903ರಲ್ಲಿ ಗುರುಗಳ ಅಧ್ಯಕ್ಷತೆಯಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಂ ಹುಟ್ಟಿದಾಗ ಆಶಾನರೇ ಅದರ ಕಾರ್ಯದರ್ಶಿ. ಅದೇ ಗುರುಗಳು 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ, ದೇವಸ್ಥಾನಗಳ ಒಳಗೆ ಪ್ರವೇಶವಿಲ್ಲದಿದ್ದ ಬಿಲ್ಲವರಿಗಾಗಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ನವರಾತ್ರಿಯಲ್ಲಿ ಕುದ್ರೋಳಿಯ ದೀಪಾಲಂಕಾರ ನೋಡಿದ ಎಷ್ಟು ಜನಕ್ಕೆ ಪಲ್ಲನದ ಈ ಸಮಾಧಿ ಗೊತ್ತಿದೆಯೋ! ಆಶಾನರು ತಮ್ಮ ಕೊನೆಯ ವರ್ಷಗಳಲ್ಲಿ ಬೌದ್ಧ ಕಥೆಗಳನ್ನೂ ವಸ್ತುವಾಗಿಟ್ಟುಕೊಂಡು ಜಾತಿಯ ಕ್ರೌರ್ಯದ ಬಗ್ಗೆ ಬರೆದರು ಎಂಬುದನ್ನು ಕರುಮಾಡಿಯ ಬುದ್ಧನನ್ನು ಅದೇ ದಾರಿಯಲ್ಲಿ ನೋಡಿ ಬಂದವರು ಬೇರೆಯೇ ಬಗೆಯಲ್ಲಿ ಗ್ರಹಿಸುತ್ತಾರೆ.

ತೃಕ್ಕುನ್ನಪ್ಪುಳದ ಜಲದ್ವಾರವನ್ನು ದಾಟಿದರೆ ಕಾಯಂಕುಳಂ ಕಾಯಲು. ಸಾಲುಸಾಲು ಚೀನಾಬಲೆಗಳ ಹಿಂದೆ ಉಷ್ಣವಿದ್ಯುತ್ ಸ್ಥಾವರವೊಂದು ಕಾಣಿಸುತ್ತದೆ, ಸುಂದರವೆನ್ನುವ ಹಾಗಿಲ್ಲ. ತಿರುವಾಂಕೂರಿನ ಅರಸ ಮಾರ್ತಾಂಡವರ್ಮ 1746ರಲ್ಲಿ ಗೆದ್ದುಕೊಂಡ ಕಾಯಂಕುಳಂ ರಾಜ್ಯದ ನೆಲವಿದು. ಊರಿನ ಕೃಷ್ಣಪುರಂ ಅರಮನೆಯಲ್ಲಿ ಗಜೇಂದ್ರಮೋಕ್ಷದ ಬೃಹತ್ ಭಿತ್ತಿಚಿತ್ರವಿದ್ದರೂ ಅದನ್ನು ನೋಡಲು ರಸ್ತೆಯಿಂದಲೇ ಬರಬೇಕು.

ಇದರ ದಕ್ಷಿಣಕ್ಕೆ ಕಡಲಿಗೂ ಕಾಲುವೆಗೂ ನಡುವೆ ಆಲಪ್ಪಾಡ್ ಎಂಬ ಸಣಕಲು ನೆಲದ ಪಟ್ಟಿ ಚಾಚಿಕೊಂಡಿದೆ. ತೋಟ ಬೆಂಗ್ರೆಯನ್ನೋ ಕೋಡಿಬೇಂಗ್ರೆಯನ್ನೋ ಹತ್ತಾರು ಕಿಲೋಮೀಟರ್ ಎಳೆದರೆ ಹೇಗಿರಬಹುದೋ ಹಾಗೆ. ವಳ್ಳಿಕ್ಕಾವಿನಲ್ಲಿ ತೆಂಗಿನ ತಲೆಗಳ ಮೇಲೆ ಎದ್ದ ಗುಲಾಬಿ ಬಣ್ಣದ ಬಹುಮಹಡಿ ಕಟ್ಟಡಗಳು ಮಾತಾ ಅಮೃತಾನಂದಮಯಿಯವರ ಆಶ್ರಮದವು. ಬೋಟಿನ ವಿದೇಶಿಯರಲ್ಲಿ ಅರ್ಧದಷ್ಟು ಜನ ಇಲ್ಲಿಯೇ ಇಳಿದುಬಿಡುತ್ತಾರೆ. 2004ರ ಡಿಸೆಂಬರ್ 26ರ ಸುನಾಮಿಗೆ ಕೇರಳದಲ್ಲಿ ಅತಿ ಹೆಚ್ಚು ನಲುಗಿದ್ದು ಈ ಆಲಪ್ಪಾಡ್. ಓಡಿಹೋಗಲು ಹಿಂದೆ ಕಾಲುವೆ, ದಾಟಲು ದೋಣಿಯೇ ಗತಿ ಎಂಬಂತಿದ್ದ ಜಾಗಕ್ಕೆ ಕಾಲ್ನಡಿಗೆಯ ಸೇತುವೆ ಬಂದದ್ದು 2006ರಲ್ಲಿ. ಚವರದವರೆಗಿನ ಈ ಮರಳು ಕಪ್ಪಗಿದೆ, ಅದರಲ್ಲಿರುವುದು ಖನಿಜಗಳು: ಇಲ್ಮನೈಟ್, ಮೊನಜೈಟ್, ಜಿರ್ಕಾನ್. ಸರ್ಕಾರಿ ಸ್ವಾಮ್ಯದ ಕಂಪನಿಗಳು ದಶಕಗಳಿಂದ ಇದನ್ನು ಬಗೆಯುತ್ತಿವೆ. ನೆಲ ಕಡಲಪಾಲಾಗುತ್ತಿದೆ ಎಂದು ಊರವರು 2018-19ರಲ್ಲಿ ದೊಡ್ಡ ಚಳವಳಿಯನ್ನೇ ನಡೆಸಿದರು. ಬೋಟಿನಿಂದ ನೋಡಿದರೆ ಎರಡು ನೀರುಗಳ ನಡುವೆ ಆ ನೆಲ ಎಷ್ಟು ತೆಳುವಾಗಿದೆಯೆಂಬುದು ವಾದವಿಲ್ಲದೆ ಕಾಣುತ್ತದೆ.

ಹೆಬ್ಬಲಸಿನ ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ಹುರಿಯಿಂದ ಹೊಲಿದು ಕೆಟ್ಟುವಳ್ಳಂ ಕಟ್ಟುವ ಆಲುಂಕಡವು ಇದೇ ಪ್ರದೇಶದಲ್ಲಿದೆ. ಕುಟ್ಟನಾಡಿನ ಅಕ್ಕಿ ಹೊರುತ್ತಿದ್ದ ಈ ದೋಣಿಗಳು ಲಾರಿ, ರೈಲುಗಳಿಗೆ ಸೋತು ಮೂಲೆ ಸೇರಿದ್ದವು, ಆಮೇಲೆ ಹೌಸ್‌ಬೋಟಾಗಿ ಮರುಹುಟ್ಟು ಪಡೆದವು.

ಅಷ್ಟಮುಡಿಗೆ ಎಂಟು ಕೈಗಳು. ಇದು ಮತ್ತು ವೇಂಬನಾಡು ಎರಡೂ 2002ರಲ್ಲಿ ರಾಮ್‌ಸಾರ್ ಎಂಬ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದ ಜೌಗುಭೂಮಿಗಳು. ಇಲ್ಲಿನ ಮರುವಾಯಿ (ಚಿಪ್ಪುಮೀನು) ಮೀನುಗಾರಿಕೆಗೆ ನಾನು ವಿಶೇಷ ಗೌರವ ಕೊಡುತ್ತೇನೆ, ಏಕೆಂದರೆ ನಮ್ಮ ನದಿಗಳಲ್ಲಿ ಮರುವಾಯಿ ಕಡಿಮೆಯಾಗುತ್ತಿರುವ ದೂರನ್ನು ಎಲ್ಲರೂ ಹೇಳುತ್ತಾರೆ, ಯಾರೂ ಏನೂ ಮಾಡುವುದಿಲ್ಲ. ಅಷ್ಟಮುಡಿಯವರು ಮೊಟ್ಟೆಯಿಡುವ ಡಿಸೆಂಬರಿನಿಂದ ಫೆಬ್ರವರಿವರೆಗೆ ಹಿಡಿಯುವುದನ್ನೇ ನಿಲ್ಲಿಸಿದರು, ಸಣ್ಣ ಕಣ್ಣಿನ ಬಲೆಯನ್ನು ಬಿಟ್ಟರು. 2014ರಲ್ಲಿ ಭಾರತದಲ್ಲೇ ಮೊದಲ ಬಾರಿಗೆ ಸುಸ್ಥಿರ ಮೀನುಗಾರಿಕೆಯ ಅಂತರರಾಷ್ಟ್ರೀಯ ಪ್ರಮಾಣಪತ್ರ ಅವರಿಗೆ ದೊರೆಯಿತು. ಪಶ್ಚಿಮಕ್ಕೆ ಅಳಿವೆಯ ಬಾಯಲ್ಲಿರುವ ನೀಂಡಕರದಲ್ಲಿ 1953ರಲ್ಲಿ ಆರಂಭವಾದ ಭಾರತ-ನಾರ್ವೆ ಯೋಜನೆಯಿಂದಲೇ ಈ ಕರಾವಳಿಯ ಯಾಂತ್ರೀಕೃತ ಮೀನುಗಾರಿಕೆ ಮೊದಲ ಹೆಜ್ಜೆ ಇಟ್ಟಿತು. ಮಲ್ಪೆ ಬಂದರಿನಲ್ಲಿ ಇಂದು ಒತ್ತೊತ್ತಾಗಿ ನಿಂತಿರುವ ಟ್ರಾಲರುಗಳ ವಂಶಾವಳಿಯನ್ನು ಹಿಂದಕ್ಕೆ ಹಿಡಿದರೆ ಇಲ್ಲಿಗೇ ಬಂದು ಮುಟ್ಟುತ್ತೇವೆ. ಮಳೆಗಾಲದ ನಿಷೇಧದ ದಿನಗಳಲ್ಲಿ ಟ್ರಾಲರುಗಳು ಹೊರಹೋಗದಂತೆ ನೀಂಡಕರ ಸೇತುವೆಯಡಿ ಸರಪಳಿ ಎಳೆದು ಕಟ್ಟುವ ಪದ್ಧತಿಯೂ ಇದೆ.

ಕೊಲ್ಲಂ ಪಟ್ಟಣ ಈಗ ನೋಡಲು ಸಾಧಾರಣ. ಅದರ ಹಿರಿತನ ದಾಖಲೆಗಳಲ್ಲಿದೆ. ಮಲಯಾಳಿಗಳ ಕೊಲ್ಲವರ್ಷದ ಎಣಿಕೆ ಕ್ರಿ.ಶ. 825ರಿಂದ. ಕ್ರಿ.ಶ. 849ರಲ್ಲಿ ವೇಣಾಡಿನ ಒಡೆಯ ಅಯ್ಯನಡಿಗಳು, ಮಾರ್ ಸಪೀರ್ ಈಶೋ ಕಟ್ಟಿಸಿದ ತರಿಸಾಪ್ಪಳ್ಳಿ ಎಂಬ ಇಗರ್ಜಿಗೆ ಕೊಟ್ಟ ತಾಮ್ರಪಟಗಳಲ್ಲಿ ಸಾಕ್ಷಿಗಳ ಸಹಿ ಅರಬಿ, ಪಹ್ಲವಿ, ಹೀಬ್ರೂ ಲಿಪಿಯ ಪರ್ಷಿಯನ್ ಮೂರರಲ್ಲಿಯೂ ಇವೆ. 14ನೆಯ ಶತಮಾನದಲ್ಲಿ ಅರಬಿ ಪ್ರವಾಸಿ ಇಬ್ನ್ ಬತೂತ ಬಸ್ರೂರು, ಬಾರ್ಕೂರುಗಳನ್ನು ದಾಟಿ ಮಂಗಳೂರಿಗೆ ಬಂದು, ಪರ್ಷಿಯಾ ಮತ್ತು ಯೆಮನ್ನಿನ ವರ್ತಕರು ಇಳಿಯುವುದು ಇಲ್ಲಿಯೇ, ಮೆಣಸು ಶುಂಠಿಗಳು ಹೇರಳ ಎಂದು ಬರೆದ. ಅಲ್ಲಿಯವರೆಗೆ ಅವನು ಕಡಲಿನಲ್ಲಿದ್ದ. ಕೋಳಿಕ್ಕೋಡಿನಿಂದ ಕೊಲ್ಲಂಗೆ ಮಾತ್ರ ಹತ್ತು ದಿನ ಒಳನಾಡಿನ ನೀರಿನಲ್ಲೇ ಬಂದ, ಮತ್ತು ಮಲಬಾರಿನ ಅತ್ಯುತ್ತಮ ಪಟ್ಟಣಗಳಲ್ಲೊಂದೆಂದು ಕೊಲ್ಲಂನ ಪೇಟೆಯನ್ನು ಹೊಗಳಿದ. ನಾವು ಹಗಲಿನಲ್ಲಿ ಸಾಗಿ ಬಂದ ದಾರಿ ಅವನ ದಾರಿಯ ಕೊನೆಯ ತುಂಡು ಎಂದು ಹೇಳಿದರೆ ಹೆಚ್ಚು ತಪ್ಪಾಗದು, ಕೆಲವು ಕಾಲುವೆಗಳನ್ನು ಆಗ ಇನ್ನೂ ಕಡಿದಿರಲಿಲ್ಲವೆಂಬ ವಿನಾಯಿತಿಯೊಂದಿಗೆ.

ಅದೇ ರಾತ್ರಿ ಮಂಗಳೂರಿನ ಕಡೆಗೆ ರೈಲು ಸಿಗುತ್ತದೆ, ಬೆಳಿಗ್ಗೆ ಕೆಲಸಕ್ಕೆ ಹಾಜರಾಗಬೇಕಾದವರು ಹೊರಟುಬಿಡಬಹುದು. ಸಾಧ್ಯವಿದ್ದವರು ಕೊಲ್ಲಂನಲ್ಲಿ ಉಳಿದು, ಮುಂಜಾನೆ ತಂಗಶ್ಶೇರಿಯಲ್ಲಿ ಪೋರ್ಚುಗೀಸರ 1519ರ ಕೋಟೆಯ ಅಳಿದುಳಿದ ಗೋಡೆಯನ್ನೂ 1902ರ ದೀಪಸ್ತಂಭವನ್ನೂ ನೋಡಿಕೊಳ್ಳಲಿ. ಬಳಿಕ ಅಷ್ಟಮುಡಿಯ ಮೇಲ್ಭಾಗದ ಮನ್ರೋ ದ್ವೀಪಕ್ಕೆ ಹೋಗಿ ಗಳ ಹಾಕುವ ಚಿಕ್ಕ ದೋಣಿಯನ್ನು ಹಿಡಿಯಬೇಕು. ತಿರುವಾಂಕೂರಿನಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿ ರೆಸಿಡೆಂಟನಾಗಿದ್ದ ಕರ್ನಲ್ ಮನ್ರೋನ ಹೆಸರಿನ ಈ ಕುದ್ರುಗಳ ಮನೆಗಳೊಳಗೆ ಈಗ ಭರತದ ನೀರು ನುಗ್ಗುತ್ತಿದ್ದು, ಅನೇಕ ಕುಟುಂಬಗಳು ಮನೆ ಬಿಟ್ಟು ಹೋಗಿವೆ. ಸಮೀಪದ ಪೆರುಮಣ್ ಸೇತುವೆಯಿಂದ 1988ರ ಜುಲೈ 8ರಂದು ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೋಗುತ್ತಿದ್ದ ಐಲ್ಯಾಂಡ್ ಎಕ್ಸ್‌ಪ್ರೆಸ್ ಅಷ್ಟಮುಡಿಗೆ ಉರುಳಿ 105 ಮಂದಿ ಸತ್ತರು. ದೋಣಿಯವರನ್ನು ಕೇಳಿದರೆ ಸ್ಥಳ ತೋರಿಸುತ್ತಾರೆ.